ಹಿಡಿಯ ಮೇಲಿನ ಹಲ್ಲಿನ ಗುರುತು

ಕತ್ತಿ, ಚಾಕು ಕೂಡಿಡುವ ಹುಚ್ಚು ಇದೆ ಅಂತ ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೇಳುವವರು ಹೆಂಗಸಾದರೆ ಇನ್ನೂ ಒಂದು ಗೇಣು ಜಾಸ್ತಿ. ಅಂಚೆಚೀಟಿ ಕೂಡಿಟ್ಟರೆ ಯಾರೂ ಕಾರಣ ಕೇಳಲ್ಲ. ಹಳೇ ನಾಣ್ಯಕ್ಕೂ ಕೇಳಲ್ಲ. ಚಾಕುವಿಗೆ ಮಾತ್ರ "ಯಾಕೆ?" ಅನ್ನುವ ಪ್ರಶ್ನೆ ಕಟ್ಟಿಟ್ಟ ಬುತ್ತಿ. ನಾನು ಈಗ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಸುಮ್ನೆ ಇಷ್ಟ, ಅಷ್ಟೇ.

ನನ್ನ ಹತ್ತಿರ ಇರುವುದು ಬಹುಪಾಲು ಮನೆಯ, ತೋಟದ ಸಾಮಾನು. ತೀರ್ಥಹಳ್ಳಿ ಕಡೆಯ ತವರುಮನೆಯಿಂದ ಬಂದ ಮೆಟ್ಟುಗತ್ತಿ, ಹಿತ್ತಾಳೆಯ ಅಡಕತ್ತರಿ, ಕಾಯಿ ತುರಿದೂ ತುರಿದೂ ಹಲ್ಲು ಸವೆದುಹೋದ ಈಳಿಗೆ ಮಣೆ, ಸೊಂಟದ ಕೊಕ್ಕೆಗೆ ಸಿಕ್ಕಿಸುವ ಕತ್ತಿ, ಒಂದಿಷ್ಟು ಮಡಚುವ ಚಾಕು. ದೊಡ್ಡ ಆಯುಧ ಯಾವುದೂ ಇಲ್ಲ, ಬೇಕಾಗಿಯೂ ಇಲ್ಲ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಅಡುಗೆಗೋ ಬೇಸಾಯಕ್ಕೋ ಮಾಡಿದ್ದಲ್ಲ ಅಂತಾದರೆ ಅದು ಆಯುಧ ಕಾನೂನಿನ ಪಟ್ಟಿಯೊಳಗೆ ಬರುತ್ತದೆ. ಸಿನಿಮಾ ನೋಡಿ ತರಿಸಿಕೊಳ್ಳುವ ಹುಡುಗರಿಗೆ ಇದೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ.

ನಮ್ಮದೊಂದು ಸಣ್ಣ ಗುಂಪಿದೆ. ಹಾಸನದ ಒಬ್ಬ ಮೆಕ್ಯಾನಿಕ್, ಎಲ್ಲರೂ ಅವರನ್ನು ಭಾಯಿ ಅನ್ನುತ್ತೇವೆ. ಕೊಡಗಿನ ಒಬ್ಬ ನಿವೃತ್ತ ಸೈನಿಕರು. ಮೂಡಿಗೆರೆ ಹತ್ತಿರ ಕಾಫಿ ತೋಟ ನೋಡಿಕೊಳ್ಳುವ ನಮ್ಮ ಭಾವ. ಬಾಗಲಕೋಟೆ ಕಡೆಯ ಮೇಷ್ಟ್ರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾ ಜಪಾನಿನ ಅಡುಗೆ ಚಾಕುಗಳಿಗೆ ಮನಸೋತಿರುವ ಒಬ್ಬ ಹುಡುಗಿ. ವರ್ಷಕ್ಕೆ ಒಂದೆರಡು ಸಲ ಯಾರದ್ದಾದರೂ ಮನೆಯಲ್ಲಿ ಸೇರುತ್ತೇವೆ. ಮೇಜಿನ ಮೇಲೆ ಹಳೇ ಪಂಚೆ ಹಾಸಿ, ತಂದಿದ್ದನ್ನೆಲ್ಲ ಸಾಲಾಗಿ ಇಟ್ಟು, ಮುಟ್ಟಿ ನೋಡಿ, ಬೆಳಕಿಗೆ ಹಿಡಿದು, ಕೂದಲು ಕತ್ತರಿಸುತ್ತಾ ಅಂತ ಮುಂಗೈ ಮೇಲೆ ಒರೆಸಿ ನೋಡಿ, ಒಬ್ಬರದ್ದು ಒಬ್ಬರು ಹೊಗಳಿ, ಬೆನ್ನ ಹಿಂದೆ ಸ್ವಲ್ಪ ತೆಗಳಿ, ಊಟ ಮಾಡಿ ಏಳುತ್ತೇವೆ.

ಮೊದಲ ಅರ್ಧ ಗಂಟೆ ಬರೀ ಉಕ್ಕಿನ ಮಾತು. ಯಾವುದು ತುಕ್ಕು ಹಿಡಿಯುತ್ತೆ, ಯಾವುದು ಹಿಡಿಯಲ್ಲ, ಯಾವುದಕ್ಕೆ ಬಾಯಿ, ಅಂದರೆ ಹರಿತ, ಜಾಸ್ತಿ ದಿನ ನಿಲ್ಲುತ್ತೆ. ಭಾಯಿ ಲಾರಿಯ ಹಳೇ ಕಮಾನು ಪಟ್ಟಿಯಿಂದ ಚಾಕು ಮಾಡುತ್ತಾರೆ. ಕೆಂಪಗೆ ಕಾದ ಪಟ್ಟಿಗೆ ಅಯಸ್ಕಾಂತ ಹಿಡಿದು ನೋಡುತ್ತಾರೆ. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಂಟದೇ ಹೋದ ಮೇಲೆ ಇನ್ನು ಸ್ವಲ್ಪ ಕಾಯಿಸಿ ಎಣ್ಣೆಗೆ ಅದ್ದುತ್ತಾರೆ. ಥರ್ಮಾಮೀಟರ್ ಇಲ್ಲ, ಕಣ್ಣು ಮತ್ತು ಒಂದು ಸ್ಪೀಕರಿನ ಅಯಸ್ಕಾಂತ. ಇದನ್ನು ಅವರು ಪ್ರತಿ ಸಲ ಹೇಳುತ್ತಾರೆ, ನಾವು ಪ್ರತಿ ಸಲ ಹೊಸದಾಗಿ ಕೇಳಿದವರ ಹಾಗೆ ಕೇಳುತ್ತೇವೆ.

ಆಮೇಲೆ ಮಾತು ಪ್ರಾಣಿಗಳ ಕಡೆ ಹೋಗುತ್ತದೆ. ಯಾರೂ ಬೇಕಂತ ಎಳೆದು ತರುವುದಿಲ್ಲ. ಯಾರೋ ಒಂದು ಚಾಕು ಎತ್ತಿ "ಇದ್ಯಾಕೆ ಹಿಡಿ ಹೀಗಾಗಿದೆ?" ಅಂತ ಕೇಳುತ್ತಾರೆ. ಅಲ್ಲಿಂದ ಶುರು. ನಾಯಿ, ಬೆಕ್ಕು, ಒಂದು ಎತ್ತು, ಒಮ್ಮೆ ಒಂದು ಟರ್ಕಿ ಕೋಳಿ ಕೂಡ ಬಂದಿತ್ತು. ಹೊಸದಾಗಿ ಪೆಟ್ಟಿಗೆಯಿಂದ ತೆಗೆದ, ಒಂದು ಗೀರೂ ಇಲ್ಲದ, ಸಾವಿರಾರು ರೂಪಾಯಿಯ ಚಾಕುಗಳ ಬಗ್ಗೆ ಯಾರಿಗೂ ಹೇಳುವುದಕ್ಕೆ ಏನೂ ಇರುವುದಿಲ್ಲ, ಬೆಲೆ ಹೇಳಿದರೆ ಮುಗಿಯಿತು. ಕಚ್ಚಿಸಿಕೊಂಡ ಚಾಕುವಿನ ಬಗ್ಗೆ ಮಾತ್ರ ಊಟ ತಣ್ಣಗಾಗುವವರೆಗೂ ಹೇಳುತ್ತಾರೆ.

ನನ್ನದನ್ನೇ ಹೇಳುತ್ತೇನೆ. ಅಜ್ಜನ ಹತ್ತಿರ ಇಂಗ್ಲೆಂಡಿನ ಶೆಫೀಲ್ಡಿನ ಒಂದು ಮಡಚುವ ಚಾಕು ಇತ್ತು, ಜೋಸೆಫ್ ರಾಜರ್ಸ್ ಕಂಪನಿಯದ್ದು. ಎಲೆಯ ತೊಟ್ಟು ಮುರಿಯುವುದಕ್ಕೆ, ಕಾಗದದ ಲಕೋಟೆ ಬಿಡಿಸುವುದಕ್ಕೆ, ಮಾವಿನಕಾಯಿಗೆ, ಕಾಲಿಗೆ ಚುಚ್ಚಿದ ಮುಳ್ಳಿಗೆ ಎಲ್ಲದಕ್ಕೂ ಅದೇ. ಹಿಡಿ ಮೂಳೆಯದ್ದು. ಕೆಂಚ ಅಂತ ಒಂದು ನಾಯಿ ಇತ್ತು, ಜಾತಿ ಗೀತಿ ಏನೂ ಇಲ್ಲ, ಸಂತೆಯಿಂದ ಗಾಡಿಯ ಹಿಂದೆ ಬಂದದ್ದು. ಮರಿಯಾಗಿದ್ದಾಗ ಜಗಲಿಯ ಮೇಲಿಟ್ಟ ಚಾಕುವನ್ನು ಎತ್ತಿಕೊಂಡು ಹೋಗಿ ಅಡಿಕೆ ಚಪ್ಪರದ ಕೆಳಗೆ ಕೂತು ಮಧ್ಯಾಹ್ನವಿಡೀ ಅಗಿದಿದೆ. ಮಡಚಿತ್ತು, ಪುಣ್ಯ. ಈಗ ಆ ಚಾಕು ನನ್ನ ಹತ್ತಿರ ಇದೆ. ಹಿಡಿಯ ಒಂದು ಬದಿಯಲ್ಲಿ ನಾಲ್ಕು ಗುಳಿ, ಇನ್ನೊಂದು ಬದಿಯಲ್ಲಿ ಓರೆಯಾಗಿ ಒಂದು ಉದ್ದ ಗೀರು, ಹಿತ್ತಾಳೆಯ ಮೊಳೆ ಇರುವ ಕಡೆ ಒಂದು ಚೂರು ಎದ್ದುಹೋಗಿದೆ. ಗುಳಿಗಳಲ್ಲಿ ಎಷ್ಟೋ ವರ್ಷದ ಕೈಯ ಜಿಡ್ಡು ಕೂತು ಕಪ್ಪಾಗಿದೆ. ಅಲಗನ್ನು ಬಿಡಿಸಲು ಹಿಡಿದರೆ ನನ್ನ ಹೆಬ್ಬೆರಳು ಸರಿಯಾಗಿ ಎರಡನೇ ಗುಳಿಯಲ್ಲಿ ಕೂರುತ್ತದೆ. ಅಜ್ಜನದ್ದೂ ಅಲ್ಲೇ ಕೂರುತ್ತಿತ್ತು ಅಂತ ಅಮ್ಮ ಹೇಳುತ್ತಾಳೆ. ಅಜ್ಜ ಆಗ ಕೆಂಚನಿಗೆ ಬೈದರೋ ಹೊಡೆದರೋ ಗೊತ್ತಿಲ್ಲ, ಹಿಡಿ ಮಾತ್ರ ಬದಲಾಯಿಸಲಿಲ್ಲ.

ಹಳೇ ಸಾಮಾನು ಕೊಳ್ಳುವ ಒಬ್ಬರಿಗೆ ಒಮ್ಮೆ ತೋರಿಸಿದ್ದೆ, ಮಾರುವುದಕ್ಕಲ್ಲ, ಸುಮ್ನೆ ತಿಳಿದುಕೊಳ್ಳೋಣ ಅಂತ. ಅಲಗು ನೋಡಿ ಕಣ್ಣರಳಿಸಿದರು. ಹಿಡಿ ನೋಡಿ ಮುಖ ಸಣ್ಣದಾಯಿತು. "ಮೇಡಂ, ನಾಯಿ ಹಾಳು ಮಾಡಿಬಿಟ್ಟಿದೆ, ಇದಕ್ಕೆ ಅರ್ಧವೂ ಸಿಗಲ್ಲ" ಅಂದರು. ನಮ್ಮ ಗುಂಪಿನಲ್ಲಿ ಈ ಮಾತು ಎಲ್ಲರೂ ಒಂದಲ್ಲ ಒಂದು ಸಲ ಕೇಳಿಸಿಕೊಂಡಿದ್ದೇವೆ. ಚಾಕು ಕೂಡಿಡುವವರು ಕೊಡುವುದು, ಕೊಳ್ಳುವುದು, ಅದಲು ಬದಲು ಮಾಡಿಕೊಳ್ಳುವುದು ಇದ್ದೇ ಇದೆ. ಈ ವರ್ಷ ಪ್ರಾಣ ಅಂದದ್ದನ್ನು ಮುಂದಿನ ವರ್ಷ ಕೊಟ್ಟುಬಿಡುತ್ತಾರೆ. ಆದರೆ ಹಲ್ಲಿನ ಗುರುತು ಇರುವುದನ್ನು ಕೊಟ್ಟವರನ್ನು ನಾನು ಇನ್ನೂ ನೋಡಿಲ್ಲ. ಪೇಟೆಯಲ್ಲಿ ಬೆಲೆ ಕಳೆದುಕೊಂಡದ್ದೇ ಮನೆಯಲ್ಲಿ ಉಳಿಯುತ್ತದೆ.

ನಾಯಿಗೆ ಚಾಕುವಿನ ಹಿಡಿ ಮೇಲೆ ಯಾಕೆ ಅಷ್ಟು ಆಸೆ ಅಂದರೆ ಅದರಲ್ಲಿ ಗುಟ್ಟೇನೂ ಇಲ್ಲ. ಹಳೇ ಕಾಲದ ಎಷ್ಟೋ ಹಿಡಿ, ಒರೆಗಳು ಪ್ರಾಣಿಯ ಮೈಯಿಂದಲೇ ಬಂದವು. ದನದ ಕಾಲಿನ ಮೂಳೆ, ಎಮ್ಮೆಯ ಕೊಂಬು, ಕಡವೆಯ ಕೊಂಬು, ಚರ್ಮದ ಒರೆ. ಅಮೆರಿಕದ ಸೈನ್ಯದವರು 1942ರಿಂದ ಬಳಸಿದ ಕಾ-ಬಾರ್ ಚಾಕುವಿಗೆ ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಹಿಡಿ ಮಾಡುತ್ತಾರೆ. ಕೊಡಗಿನ ಸೈನಿಕರ ಹತ್ತಿರ ಅಂಥದ್ದೊಂದು ಇತ್ತು. ಅವರ ಲ್ಯಾಬ್ರಡಾರ್ ಅದನ್ನು ಚಕ್ಕುಲಿ ತಿಂದ ಹಾಗೆ ಒಂದೊಂದೇ ಬಿಲ್ಲೆ ಮುರಿದುಕೊಂಡು ತಿಂದು ಮುಗಿಸಿತ್ತು. ಉಳಿದದ್ದು ಅಲಗು ಮತ್ತು ಹಿಂದಿನ ಕಬ್ಬಿಣದ ಗುಂಡಿ. ಅದನ್ನೇ ಕೈಗೆ ಬಟ್ಟೆ ಸುತ್ತಿಕೊಂಡು ಹಿಡಿದು ತೋರಿಸುತ್ತಾರೆ. ಹೊಸ ಬಿಲ್ಲೆ ಹಾಕಿಸಿ ಅಂದರೆ "ಹಾಕಿಸೋಣ, ಹಾಕಿಸೋಣ" ಅಂತಾರೆ. ಲ್ಯಾಬ್ರಡಾರ್ ಹೋಗಿ ಕಾಲವಾಯಿತು.

ಕಡವೆ ಕೊಂಬಿನ ವಿಷಯ ಬಂದರೆ ನನಗೆ ಸುಮ್ಮನಿರಲು ಆಗಲ್ಲ. ಶೆಫೀಲ್ಡ್, ಜರ್ಮನಿಯ ಸೋಲಿಂಗನ್, ಈ ಎರಡು ಊರಿನ ಹೆಸರುವಾಸಿ ಬೇಟೆ ಚಾಕುಗಳ ಹಿಡಿಗೆ ಹೋಗುತ್ತಿದ್ದದ್ದು ನಮ್ಮ ದೇಶದ ಕಡವೆ ಕೊಂಬು. ಒಳಗೆ ಟೊಳ್ಳು ಕಡಿಮೆ, ಹೊರಗೆ ಒರಟು ತೊಗಟೆಯ ಹಾಗಿನ ಏಣು, ಬೆವರಿದ ಕೈಯಲ್ಲೂ ಜಾರುವುದಿಲ್ಲ. ಕಡವೆ ಪ್ರತಿ ಸಲ ಉದುರಿಸಿ ಹೊಸದು ಬೆಳೆಸಿಕೊಳ್ಳುವ ಕೊಂಬದು. ಬಿದ್ದದ್ದನ್ನು ಆರಿಸುವುದರಲ್ಲಿ ತಪ್ಪೇನು ಅಂತ ಕೇಳುವವರಿದ್ದಾರೆ. ಬಿದ್ದದ್ದು ಯಾವುದು, ಕೊಂದು ತಂದದ್ದು ಯಾವುದು ಅಂತ ಮೂಟೆ ನೋಡಿ ಹೇಳುವವರು ಯಾರು? 1972ರ ವನ್ಯಜೀವಿ ಕಾನೂನು ಬಂತು, 1990ರ ದಶಕದಲ್ಲಿ ಕೊಂಬಿನ ರಫ್ತು ಪೂರ್ತಿ ನಿಂತಿತು. ವಿದೇಶದ ಸಂಗ್ರಾಹಕರು ಈಗಲೂ ಅದಕ್ಕೆ ಅಳುತ್ತಾರೆ. ನಾನು ಅಳುವುದಿಲ್ಲ. ಬಿದ್ದ ಕೊಂಬು ಕಾಡಿನಲ್ಲಿ ದಂಡವಾಗುವುದೂ ಇಲ್ಲ. ಸುಣ್ಣದ ಅಂಶಕ್ಕೆ ಮುಳ್ಳುಹಂದಿ ಅದನ್ನು ಕಡಿದು ತಿನ್ನುತ್ತದೆ. ಅಮೆರಿಕದಲ್ಲಿ ಅಲ್ಲಿನ ಜಿಂಕೆಗಳ ಉದುರಿದ ಕೊಂಬನ್ನು ತುಂಡು ಮಾಡಿ ಸಾಕುನಾಯಿಗೆ ಅಗಿಯಲು ಅಂತಲೇ ಅಂಗಡಿಯಲ್ಲಿ ಮಾರುತ್ತಾರೆ. ಅಂದರೆ ನಾಯಿ ಹೇಳುವುದರಲ್ಲೂ ನ್ಯಾಯವಿದೆ. ಅದು ತನಗೆ ಸೇರಬೇಕಾದದ್ದನ್ನೇ ತಿಂದಿದೆ.

ಕೊಡಗಿನ ಸೈನಿಕರ ಮನೆಯ ಕೈಲ್ ಪೊಳ್ದ್ ಹಬ್ಬಕ್ಕೆ ಒಮ್ಮೆ ಹೋಗಿದ್ದೆ. ಸೆಪ್ಟೆಂಬರ್ ಮೊದಲಲ್ಲಿ, ಗದ್ದೆ ನಾಟಿ ಎಲ್ಲ ಮುಗಿದ ಮೇಲೆ ಬರುವ ಆಯುಧದ ಹಬ್ಬ. ಕೋವಿಗಳು, ಅಗಲ ಅಲಗಿನ ಬಾಗಿದ ಒಡಿಕತ್ತಿ, ಸೊಂಟಕ್ಕೆ ಸಿಕ್ಕಿಸುವ ಬೆಳ್ಳಿ ಕೆಲಸದ ಪೀಚೆಕತ್ತಿ, ಜತೆಗೆ ನೇಗಿಲು, ನೊಗ. ಕೋವಿಯ ತುದಿಗೆ ತೋಕ್ ಪೂ ಸಿಕ್ಕಿಸುತ್ತಾರೆ, ಬೆಂಕಿಯ ನಾಲಿಗೆಯಂಥ ಕೆಂಪು ಹಳದಿ ಹೂವು. ಪೂಜೆ ಮುಗಿದು ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ನಾನು ಮಾಂಸ ತಿನ್ನಲ್ಲ, ಜೇನುತುಪ್ಪ ಹಾಕಿಕೊಂಡು ಬರೀ ಕಡಂಬುಟ್ಟು ತಿಂದೆ. ಪೀಚೆಕತ್ತಿ ನೋಡಲು ನಾನು ಹೋಗಿದ್ದು. ಅವರು ತೋರಿಸಿದರು, ಅದರ ಜತೆ ಗೋಡೆಯಲ್ಲಿದ್ದ ಒಂದು ಫೋಟೋವನ್ನೂ ಇಳಿಸಿ ತಂದರು. ಅವರ ಅಪ್ಪ ಕೊಡವರ ಉದ್ದನೆಯ ಅಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆ ವಸ್ತ್ರ ಬಿಗಿದು ಪೀಚೆಕತ್ತಿ ಸಿಕ್ಕಿಸಿಕೊಂಡು ಗಂಭೀರವಾಗಿ ನಿಂತಿದ್ದಾರೆ, ಕಾಲ ಬಳಿ ಒಂದು ಬಿಳಿ ನಾಯಿ ಕ್ಯಾಮೆರಾ ಕಡೆ ಬೆನ್ನು ಹಾಕಿ ಕೂತಿದೆ. "ಪೀಚೆಕತ್ತಿಗೆ ವಯಸ್ಸು ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಅಪ್ಪ ಇದ್ದಿದ್ದರೆ ಮೊದಲು ನಾಯಿ ಹೆಸರು ಹೇಳೋರು" ಅಂದರು. ನಾನು ಹೆಸರು ಕೇಳಿದೆ. ಜಿಮ್ಮಿ.

ಭಾವನ ಕಪಾಟಿನಲ್ಲಿ ಚಾಕುಗಳ ಸಾಲಿನ ಕೊನೆಗೆ ಒಂದು ಕಬ್ಬಿಣದ ಪಟ್ಟಿ ಇದೆ. ಹೊಸಬರು ಅದನ್ನು ಏನೋ ಹಳೇ ಆಯುಧ ಅಂದುಕೊಳ್ಳುತ್ತಾರೆ. ಅದು ನಾಯಿಯ ಕೊರಳಿನ ಮುಳ್ಳುಪಟ್ಟಿ. ಮಲೆನಾಡಿನಲ್ಲಿ, ಕೊಡಗಿನಲ್ಲಿ ರಾತ್ರಿ ಅಂಗಳದ ನಾಯಿಗೆ ಇರುವ ಶತ್ರು ಚಿರತೆ. ಅದು ಕೊರಳಿಗೇ ಬಾಯಿ ಹಾಕುವುದು, ಸದ್ದು ಬರುವ ಮೊದಲೇ ಮುಗಿದಿರುತ್ತದೆ. ಅದಕ್ಕೆ ಕತ್ತಿ ಮಾಡಿಕೊಡುವ ಆಚಾರಿಯ ಹತ್ತಿರವೇ ಜನ ಈ ಪಟ್ಟಿಯನ್ನೂ ಮಾಡಿಸುತ್ತಿದ್ದರು. ಭಾವನದ್ದನ್ನು ಕೈಗೆ ತಗೊಂಡು ನೋಡಿದ್ದೇನೆ. ಎರಡು ಬೆರಳು ಅಗಲದ ತಗಡು, ಒಳಬದಿಗೆ ನಾಯಿಗೆ ತಾಗದಿರಲಿ ಅಂತ ಸೈಕಲ್ ಟ್ಯೂಬಿನ ರಬ್ಬರ್ ಹೊಲಿದಿದೆ, ಹೊರಗೆ ಬೆರಳಿನ ಗೆಣ್ಣಿನಷ್ಟು ಉದ್ದದ ಮುಳ್ಳುಗಳು. ಮೂರು ಮುಳ್ಳು ಒಂದೇ ದಿಕ್ಕಿಗೆ ಬಾಗಿವೆ. ಯಾವುದು ಬಾಗಿಸಿತು ಅಂತ ಕೇಳುವ ಅಗತ್ಯವಿಲ್ಲ. ಆ ಸಲ ಭಾವನ ನಾಯಿ ಟೈಗರ್ ಉಳಿದುಕೊಂಡಿತು. ಮುಂದೆ ಇನ್ನೊಂದು ರಾತ್ರಿ, ಸ್ನಾನ ಮಾಡಿಸಲು ಪಟ್ಟಿ ಬಿಚ್ಚಿದ ದಿನ, ಉಳಿಯಲಿಲ್ಲ. ಬಿಚ್ಚಿದವರು ಯಾರು ಅನ್ನುವುದನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಭಾವ ಪ್ರತಿ ಮಳೆಗಾಲದಲ್ಲಿ ಚಾಕುಗಳಿಗೆಲ್ಲ ಎಣ್ಣೆ ಒರೆಸುವಾಗ ಪಟ್ಟಿಗೂ ಒರೆಸುತ್ತಾರೆ.

ಗಂಡಸರು ಅಳುವ ವಿಷಯವನ್ನು ನೇರ ಮುಖ ನೋಡಿ ಹೇಳುವುದು ನಮ್ಮ ಕಡೆ ಕಡಿಮೆ. ಕೈಯಲ್ಲಿ ಏನಾದರೂ ಇದ್ದರೆ ಹೇಳುತ್ತಾರೆ. ಭಾವ ನನ್ನ ಜತೆ ಕಾಫಿ ಕುಡಿಯುತ್ತಾ ಯಾವತ್ತೂ ಟೈಗರ್ ಬಗ್ಗೆ ಒಂದು ಮಾತು ಆಡಿದವರಲ್ಲ. ಸಾಣೆಕಲ್ಲಿನ ಮೇಲೆ ಅಲಗು ಎಳೆಯುತ್ತಾ, ಕಣ್ಣು ಅಲ್ಲೇ ಇಟ್ಟುಕೊಂಡು, ಪೂರ್ತಿ ಕಥೆ ಹೇಳಿದರು. ಕಲ್ಲಿನ ಸದ್ದು ನಿಲ್ಲಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಆ ಚಾಕು ಬೇಕಾದ್ದಕ್ಕಿಂತ ಜಾಸ್ತಿಯೇ ಮಸೆದುಹೋಗಿತ್ತು. ನಮ್ಮ ಸಭೆ ಇಷ್ಟು ವರ್ಷ ಒಡೆಯದೆ ಉಳಿದಿರುವುದಕ್ಕೆ ಉಕ್ಕಿಗಿಂತ ಇದೇ ಕಾರಣ ಅಂತ ನನ್ನ ಅನಿಸಿಕೆ. ಅವರನ್ನು ಕೇಳಿದರೆ ಒಪ್ಪಲ್ಲ ಬಿಡಿ.

ಇದೆಲ್ಲ ಈಗಿನ ಕಾಲದ ಮುದ್ದು, ಹಿಂದಿನವರಿಗೆ ನಾಯಿ ಅಂದರೆ ನಾಯಿ ಅಷ್ಟೇ ಅಂತ ಹೇಳುವವರಿಗೆ ನಾನು ಆತಕೂರಿನ ಕಲ್ಲು ತೋರಿಸುತ್ತೇನೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು. ಶಾಸನ ಕ್ರಿ.ಶ. 949-50ರದ್ದು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ ನಡೆಯಿತು, ಚೋಳ ರಾಜಾದಿತ್ಯ ಸತ್ತ. ಕೃಷ್ಣನ ಕಡೆ ಗಂಗರ ಇಮ್ಮಡಿ ಬೂತುಗ ಇದ್ದ, ಬೂತುಗನ ಕೈಕೆಳಗೆ ಮಣಲೇರ ಅನ್ನುವ ವೀರ. ಅವನ ಪರಾಕ್ರಮಕ್ಕೆ ಮೆಚ್ಚಿ ಬೂತುಗ ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಕಾಳಿಯನ್ನು. ಕಾಳಿ ಅಂದರೆ ಬೂತುಗನ ಬೇಟೆ ನಾಯಿ.

ಸ್ವಲ್ಪ ನಿಂತು ಯೋಚಿಸಿ. ದಕ್ಷಿಣ ದೇಶದ ದೊಡ್ಡ ಯುದ್ಧ ಗೆದ್ದು ಬಂದಿದ್ದಾರೆ. ದೊರೆ ಖುಷಿಯಲ್ಲಿದ್ದಾನೆ, ಊರು ಕೇಳಿದರೆ ಊರು ಕೊಡುತ್ತಾನೆ. ಈ ಮನುಷ್ಯ ನಾಯಿ ಕೇಳುತ್ತಾನೆ. ಊರನ್ನೂ ಕೊಟ್ಟರು ಅನ್ನಿ, ಆತಕೂರು ಹನ್ನೆರಡು, ಅಂದರೆ ಆತಕೂರಿನ ಸುತ್ತಿನ ಹನ್ನೆರಡು ಊರಿನ ಗುಂಪು, ಮತ್ತು ಬೆಳ್ವೊಲ ನಾಡಿನ ಒಂದು ಊರು ಬಾಳ್ಗಚ್ಚಾಗಿ ಸಿಕ್ಕಿತು. ಯುದ್ಧದ ಕತ್ತಿ ತೊಳೆಯುವ ಹೆಸರಿನಲ್ಲಿ ಕೊಡುತ್ತಿದ್ದ ಉಂಬಳಿ ಅದು. ಆದರೆ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನೇ. ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಎರಡೂ ಹೋರಾಡಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನೆಡಿಸಿದ, ಕಲ್ಲಿನ ಪೂಜೆಗೆ ಜಮೀನು ಬಿಟ್ಟ, ಆ ಜಮೀನಿನ ಅನ್ನ ಉಂಡು ಪೂಜೆ ಮಾಡದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ ಅಂತ ಬರೆಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಒಂದಕ್ಕೊಂದು ಮುಖ ಕೊಟ್ಟು ಕಾದಾಡುವ ಚಿತ್ರ ಇದೆ. ಚರಿತ್ರೆ ಓದುವವರಿಗೆ ಆ ಕಲ್ಲು ತಕ್ಕೋಲದ ಯುದ್ಧಕ್ಕೆ ಸಾಕ್ಷಿ. ನನಗೆ ಅದು ಕತ್ತಿ ಹಿಡಿದವನೊಬ್ಬ ತನ್ನ ಸಾಕುನಾಯಿಗೆ ಬರೆದ ನೆನಪಿನ ಬರಹ, ಯುದ್ಧದ ಸುದ್ದಿ ಅದರೊಳಗೆ ಸಂದರ್ಭಕ್ಕೆ ಬಂದದ್ದು.

ನಮ್ಮ ಮೇಷ್ಟ್ರು ಆ ಕಲ್ಲು ನೋಡಬೇಕು ಅಂತಲೇ ಬಾಗಲಕೋಟೆಯಿಂದ ಬೆಂಗಳೂರಿಗೆ ಬಂದಿದ್ದರು. ಅವರ ಕಡೆ ಮುಧೋಳ ನಾಯಿ ಮನೆ ಮಗನಿದ್ದ ಹಾಗೆ. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ, ಓಡಿದರೆ ಮೊಲಕ್ಕೂ ಉಳಿಗಾಲವಿಲ್ಲ. 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತು, ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದವರ ನಾಯಿ ಸಂಶೋಧನಾ ಕೇಂದ್ರವೂ ಇದೆ. ಮೇಷ್ಟ್ರ ಹತ್ತಿರ ಚಾಕು ಕಡಿಮೆ, ಕುಡಗೋಲು ಜಾಸ್ತಿ. ಜೋಳದ್ದು, ಕಬ್ಬಿನದ್ದು, ಮೇವಿನದ್ದು, ಒಂದೊಂದಕ್ಕೂ ಬಾಗು ಬೇರೆ. ಅದರಲ್ಲಿ ಒಂದರ ಮರದ ಹಿಡಿಯನ್ನು ಅವರ ಹೆಣ್ಣುನಾಯಿ ಬಸುರಿಯಾಗಿದ್ದಾಗ ಕಡಿದಿತ್ತಂತೆ. "ಮರಿ ಹಾಕೂ ಮುಂದ ಏನ್ ಸಿಕ್ರೂ ಕಡೀತಿತ್ರೀ. ಅದು ಹ್ವಾದ ಮ್ಯಾಗ ಒಂದ್ ವಾರ ನನಗ ಊಟಾನ ಸೇರಲಿಲ್ರೀ" ಅಂದವರು, ಕಲ್ಲಿನ ಮುಂದೆ ಮಾತ್ರ ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಅಕ್ಷರ ಓದುವುದಕ್ಕೆ ನೋಡಿದರು. ಹಳಗನ್ನಡ ಲಿಪಿ, ಓದುವುದಕ್ಕಾಗಲ್ಲ. ಆದರೂ ತುಂಬ ಹೊತ್ತು ನೋಡಿದರು.

ನಾಯಿಗೆ ಕಲ್ಲು ನೆಡುವ ಕಾಲ ಪೂರ್ತಿ ಹೋಗಿಲ್ಲ. ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೇ ಒಂದು ಗುಡಿ ಇದೆ, 2010ರಲ್ಲಿ ಕಟ್ಟಿದ್ದು. ಹಳ್ಳಿಯಲ್ಲಿ ಜಾಗ ಇದ್ದವರು ಹಿತ್ತಲಲ್ಲಿ ಹೂತು ಮೇಲೆ ಒಂದು ಗಿಡ ಇಡುತ್ತಾರೆ. ಬೆಂಗಳೂರಿನ ಫ್ಲ್ಯಾಟಿನವರಿಗೆ ಸಾಕುಪ್ರಾಣಿಗಳ ಚಿತಾಗಾರವೇ ಗತಿ.

ಎಲ್ಲ ಕಥೆಯೂ ಸಾವಿನಲ್ಲಿ ಮುಗಿಯುವುದಿಲ್ಲ. ಭಾವನ ಪಕ್ಕದ ತೋಟದ ಹುಡುಗನ ಹತ್ತಿರ ಒಂದು ದುಬಾರಿ ವಿದೇಶಿ ಚಾಕು ಇತ್ತು, ಅದರ ಉಕ್ಕಿನ ಹೆಸರನ್ನೇ ಒಂದು ಮಂತ್ರದ ಹಾಗೆ ಹೇಳುತ್ತಿದ್ದ. ಒಂದು ಸಂಜೆ ಅವನ ನಾಯಿ ಮನೆಗೆ ಬರಲಿಲ್ಲ. ಹುಡುಕಿದರೆ ಬೇಲಿಯ ಸಂದಿಯಲ್ಲಿ ಹಂದಿಗೆ ಅಂತ ಯಾರೋ ಇಟ್ಟ ಉರುಳಿಗೆ ಸಿಕ್ಕಿಕೊಂಡಿದೆ. ಈಗಿನ ಉರುಳು ಹಗ್ಗದ್ದಲ್ಲ, ಬೈಕಿನ ಕ್ಲಚ್ ಕೇಬಲ್ಲಿನದ್ದು, ಹೆಣೆದ ಉಕ್ಕಿನ ತಂತಿ. ಎಳೆದಷ್ಟೂ ಬಿಗಿಯುತ್ತದೆ. ಹುಡುಗ ತನ್ನ ಚಾಕುವಿನಿಂದ ಎಷ್ಟು ಕೊಯ್ದರೂ ಬಾಯಿ ಹೋಯಿತೇ ಹೊರತು ತಂತಿ ಹೋಗಲಿಲ್ಲ. ಕೊನೆಗೆ ತೋಟದ ಕೆಲಸದವರು ಪಂಪ್‌ಹೌಸಿನಿಂದ ಒಂದು ಹಳೇ ಕಟಿಂಗ್ ಪ್ಲೇಯರ್ ತಂದು ಕಟಕ್ ಅಂತ ಕತ್ತರಿಸಿದರು. ನಾಯಿಯ ಕುತ್ತಿಗೆಯಲ್ಲಿ ಸುತ್ತಲೂ ಕೂದಲು ಬೆಳೆಯದ ಒಂದು ಗೆರೆ ಉಳಿದಿದೆ, ಉಳಿದಂತೆ ಗುಂಡುಕಲ್ಲು. ಹುಡುಗ ಈಗ ಲೆದರ್‌ಮನ್ ಇಟ್ಟುಕೊಂಡು ಓಡಾಡುತ್ತಾನೆ, ಇಕ್ಕಳ, ತಂತಿ ಕತ್ತರಿಸುವ ಹಲ್ಲು ಎಲ್ಲ ಇರುವ ಮಡಚುವ ಉಪಕರಣ, 1983ರಲ್ಲಿ ಮಾರುಕಟ್ಟೆಗೆ ಬಂದದ್ದು. ಚಾಕು ಮಡಿವಂತರಿಗೆ ಅದು ಅಂದರೆ ಅಲರ್ಜಿ, "ಅದು ಚಾಕುವಲ್ಲ, ಟೂಲ್‌ಬಾಕ್ಸು" ಅಂತಾರೆ. ಅವನು ಬಾಯಿ ಹೋದ ಆ ಚಾಕುವನ್ನು ಮಸೆಸಲೂ ಇಲ್ಲ, ಮಾರಲೂ ಇಲ್ಲ. ಅಲಗಿನ ಉದ್ದಕ್ಕೂ ಗರಗಸದ ಹಾಗೆ ಮುಕ್ಕು. ಸಭೆಗೆ ತಂದಾಗ ಎಲ್ಲರೂ ಅದನ್ನೇ ಮೊದ್ಲು ಎತ್ತಿ ನೋಡುವುದು.

ಬೆಕ್ಕಿನವರ ಕಥೆಯೇ ಬೇರೆ. ಬೆಂಗಳೂರಿನ ಹುಡುಗಿ ಚಾಕುಗಳನ್ನು ಇಡಲು ಫೋಮ್ ಕೆತ್ತಿಸಿದ ಒಂದು ಪೆಟ್ಟಿಗೆ ತರಿಸಿದಳು, ಪ್ರತಿ ಚಾಕುವಿಗೂ ಅದರ ಆಕಾರದ ಗುಂಡಿ. ಬಂದ ದಿನವೇ ಬೆಕ್ಕು ಅದರಲ್ಲಿ ಮಲಗಿತು. ಈಗ ಪೆಟ್ಟಿಗೆ ಬೆಕ್ಕಿನದ್ದು, ಚಾಕುಗಳು ಗೋಡೆಯ ಅಯಸ್ಕಾಂತದ ಪಟ್ಟಿಯ ಮೇಲೆ. ಭಾಯಿಯ ಗ್ಯಾರೇಜಿನ ಬೆಕ್ಕು ರಾಣಿ ಒಲೆ ಆರಿದ ಮೇಲೆ ಅದರ ಬಿಸಿ ಇಟ್ಟಿಗೆಯ ಮೇಲೆ ಮಲಗುತ್ತದೆ. ಕಾದ ಪಟ್ಟಿ ಎಣ್ಣೆಗೆ ಇಳಿದಾಗ ಬುಸ್ ಅಂತ ಹೊಗೆ ಎದ್ದರೂ ಒಂದು ಕಿವಿ ಆಡಿಸಿ ಸುಮ್ಮನಾಗುತ್ತದೆ. ಭಾಯಿ ಮಾಡಿದ ಚಾಕುಗಳನ್ನು ತುಂಬ ಹತ್ತಿರದಿಂದ ನೋಡಿದರೆ ಹಿಡಿಯ ಅಂಟಿನೊಳಗೆ ಒಂದೊಂದು ಕಂದು ಕೂದಲು ಸಿಕ್ಕಿಕೊಂಡಿರುತ್ತದೆ. "ಅಕ್ಕಾ, ಅದು ಕಂಪನಿ ಮಾರ್ಕು" ಅಂತ ನಗುತ್ತಾರೆ.

ನಮ್ಮ ಮನೆಯಲ್ಲಿ ಈಗ ಒಂದು ಮರಿ ಬಂದಿದೆ, ಬೀದಿನಾಯಿಯದ್ದೇ. ಹೆಸರು ಚಿನ್ನಿ. ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವ ಕಾಲ, ನಾಲ್ಕರಿಂದ ಆರು ತಿಂಗಳವರೆಗಿನದ್ದು, ಬಾಯಿಗೆ ಸಿಕ್ಕಿದ್ದೆಲ್ಲ ಅದರದ್ದೇ. ಅದರ ಜತೆಗೆ ಮಳೆಗಾಲ ಬೇರೆ. ಫ್ರಾನ್ಸಿನ ಓಪಿನೆಲ್ ಚಾಕು ಒಂದಿದೆ, 1890ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾಡುತ್ತಾ ಬಂದಿರುವ ಸರಳ ಮರದ ಹಿಡಿಯ ಚಾಕು. ತೇವಕ್ಕೆ ಹಿಡಿ ಊದಿಕೊಂಡು ಅಲಗನ್ನು ಕಚ್ಚಿ ಹಿಡಿಯುತ್ತದೆ, ಆಷಾಢದಲ್ಲಿ ಎಷ್ಟು ಎಳೆದರೂ ಬಿಚ್ಚುವುದಿಲ್ಲ. ಅಂಥ ಸಮಯದಲ್ಲಿ ಅದು ನಾಯಿಮರಿಗೂ ಅಪಾಯವಿಲ್ಲದ ಚಾಕು. ಕಳೆದ ಸಲ ಸೇರಿದಾಗ ಇದನ್ನು ಹೇಳಿ, ಓಪಿನೆಲ್ಲನ್ನು ಬೇಕಂತಲೇ ಕೆಳಗಿನ ಹಲಗೆಯಲ್ಲಿ ಬಿಟ್ಟರೆ ಹೇಗೆ ಅಂತ ಕೇಳಿದೆ. ಮುಂದೆ ನೋಡುವುದಕ್ಕೆ ಚಿನ್ನಿಯದ್ದೂ ಒಂದು ಗುರುತು ಇರಲಿ ಅಂತ.

ದೊಡ್ಡ ವಾದವೇ ಆಯಿತು. ಮೇಷ್ಟ್ರು ಬಿಡಿ ಅಂದರು. ಸೈನಿಕರು ಒಳ್ಳೇ ಚರ್ಮದ ಒರೆಯನ್ನೇ ಕೊಡಿ ಅಂದರು, ಬೆಂಗಳೂರಿನ ಹುಡುಗಿ ಚರ್ಮ ಹದ ಮಾಡುವ ರಾಸಾಯನಿಕ ಮರಿಯ ಹೊಟ್ಟೆಗೆ ಒಳ್ಳೇದಲ್ಲ ಅಂತ ಅವರನ್ನು ಗದರಿಸಿದಳು. ಭಾಯಿ ಹೊಸ ಹಿಡಿ ಮಾಡಿಕೊಡ್ತೀನಿ, ಹಾಳಾದರೂ ಪರವಾಗಿಲ್ಲ ಅಂದರು. ಭಾವ ಕೊನೆಯವರೆಗೂ ಮಾತಾಡದೆ ಕಲ್ಲಿಗೆ ನೀರು ಚಿಮುಕಿಸುತ್ತಿದ್ದವರು, ತಲೆ ಎತ್ತದೆ ಹೇಳಿದರು: "ಕೊಟ್ಟು ಕಚ್ಚಿಸಿದರೆ ಅದು ಲೆಕ್ಕಕ್ಕಿಲ್ಲ ಮಾರಾಯ್ತಿ. ಅದೇ ಕದ್ದು ಕಚ್ಚಬೇಕು."

ಹಾಗಾಗಿ ಸದ್ಯಕ್ಕೆ ಎಲ್ಲಾ ಮೇಲಿನ ಹಲಗೆಯಲ್ಲಿವೆ. ಚಿನ್ನಿ ನನ್ನ ಚಪ್ಪಲಿ ತಿನ್ನುತ್ತಾ ಇದೆ, ಎರಡನೇ ಜೊತೆ.